ಟೇಬಲ್ಲಿನ ಆಚೆ ಬದಿ

ನನ್ನ ಹೆಂಡತಿಯ ತಂಗಿ ನಮ್ಮ ಆಸ್ಪತ್ರೆಯ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕುವ ಮೊದಲು ನನ್ನನ್ನು ಕೇಳಿದಳು. ನನಗಾದ ಮೊದಲ ಅನ್ಯಾಯ ಅದೇ. ಕೇಳದೆ ಹಾಕಿದ್ದರೆ ಮನಸಾರೆ ಬೈಯಬಹುದಿತ್ತು. ಫೋನ್ ಮಾಡಿ, "ಭಾವ, ಆ ಕುರ್ಚೀಲಿ ಈಗ ನೀವೇ ಕೂತಿದೀರ. ನೀವು ಬೇಡ ಅಂದ್ರೆ ನಾನು ಹಾಕಲ್ಲ," ಅಂದಳು. ಬೇಡ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಪಕ್ಕದಲ್ಲೇ ಹೆಂಡತಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಧಾರಾಳವಾಗಿ ಹಾಕಮ್ಮ, ನನಗೇನು ಎಂದುಬಿಟ್ಟೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನಂಥವನಿಗೆ ದೊಡ್ಡತನ ತೋರಿಸುವ ಚಟ ಇರಬಾರದು.

ನಮ್ಮದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ದೊಡ್ಡಾಸ್ಪತ್ರೆ. ತಲೆ ಮತ್ತು ಕತ್ತಿನ ಶಸ್ತ್ರಚಿಕಿತ್ಸಾ ವಿಭಾಗದ ಹಳೆಯ ಪ್ರೊಫೆಸರ್ ನಿವೃತ್ತರಾದ ಮೇಲೆ ಅದನ್ನು ಹಂಗಾಮಿಯಾಗಿ ನಾನೇ ನಡೆಸುತ್ತಿದ್ದೆ. ಬಾಗಿಲ ಫಲಕದಲ್ಲಿ 'ಹಂಗಾಮಿ' ಎನ್ನುವ ಪದವನ್ನು ಎಷ್ಟು ಸಣ್ಣದಾಗಿ ಬರೆಸಿದ್ದೆನೆಂದರೆ, ಕನ್ನಡಕ ಹಾಕಿದವರಿಗೂ ಅದು ಕಾಣುತ್ತಿರಲಿಲ್ಲ. ನನ್ನ ಕೈ ವೇಗದ ಕೈ, ಶುದ್ಧವಾದ ಕೈ. ಇದನ್ನು ನನ್ನ ಶತ್ರುಗಳೂ ಒಪ್ಪುತ್ತಾರೆ. ಆದರೂ ಹಿತ್ತಲ ಗಿಡ ಮದ್ದಲ್ಲವಲ್ಲ, ಡೀನ್ ಹೊರಗಿನವರಿಗಾಗಿ ಜಾಹೀರಾತು ಕೊಟ್ಟರು. ಮೊದಲು ಬಂದ ಮಹಾಶಯ ರಾಶಿ ರಾಶಿ ಪ್ರಬಂಧ ಬರೆದಿದ್ದ, ರೋಗಿಯ ಮುಖ ನೋಡಿ ಮಾತಾಡಲು ಬರುತ್ತಿರಲಿಲ್ಲ. ಎರಡನೆಯವನು ವಾರ್ಡ್ ನೋಡುವುದಕ್ಕಿಂತ ಮೊದಲು ಕಾರು ನಿಲ್ಲಿಸಲು ನೆರಳಿದೆಯೇ ಎಂದು ಕೇಳಿದ. ಇಬ್ಬರೂ ಹೋದ ದಿನ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಡೀನ್ ಮೆಟ್ಟಿಲ ಬಳಿ ನನ್ನ ಭುಜ ತಟ್ಟಿ, ಮೂರನೆಯವರೂ ಸರಿಹೋಗದಿದ್ದರೆ ಹುಡುಕಾಟ ಸಾಕು, ನಿಮ್ಮನ್ನೇ ಕಾಯಂ ಮಾಡಿಬಿಡುತ್ತೇವೆ ಎಂದರು.

ಆ ಮೂರನೆಯವಳೇ ನನ್ನ ನಾದಿನಿ.

ಅವಳು ಓದುವ ಕಾಲದಲ್ಲಿ ಎರಡು ವರ್ಷ ನಮ್ಮ ವಿಭಾಗದಲ್ಲೇ ಇದ್ದಳು, ನನ್ನ ಟೇಬಲ್ಲಿನ ಎದುರು ನಿಂತು ಗಾಯದ ಅಂಚನ್ನು ಎಳೆದು ಹಿಡಿಯುತ್ತಿದ್ದಳು. ಆಮೇಲೆ ಬೇರೆ ಕಡೆ ಹೋದಳು, ದೊಡ್ಡವಳಾದಳು. ಅವಳ ಶಿಷ್ಯರು ಈಗ ಎಲ್ಲೆಲ್ಲೋ ಇದ್ದಾರೆ. ನಮ್ಮ ಅತ್ತೆಯವರು ನಮ್ಮ ಮನೆಯಲ್ಲೇ ಇರುವುದು, ನಾನೇ ಅವರ ಬಿಪಿ ನೋಡುವುದು. ಆದರೆ ಯಾರಾದರೂ ಬಂದರೆ ಚಿಕ್ಕ ಮಗಳ ವರ್ಣನೆ ಗಂಟೆಗಟ್ಟಲೆ ನಡೆಯುತ್ತದೆ. ಕೊನೆಗೆ, ಲೋಟಗಳನ್ನು ಎತ್ತುವ ಹೊತ್ತಿಗೆ, ನನ್ನ ಕಡೆ ಕೈ ತೋರಿಸಿ, ನಮ್ಮ ದೊಡ್ಡ ಅಳಿಯಂದಿರೂ ಡಾಕ್ಟರೇ ಎನ್ನುತ್ತಾರೆ. ಹೊಟ್ಟೆಕಿಚ್ಚು ಎಂದರೆ ಏನೆಂದು ತಿಳಿಯಬೇಕಾದವರು ಆ ಗಳಿಗೆಯಲ್ಲಿ ನಮ್ಮ ಮನೆಗೆ ಬರಬೇಕು.

ಅಭ್ಯರ್ಥಿ ನಮ್ಮಲ್ಲಿ ಒಂದು ಪೂರ್ತಿ ದಿನ ಕಳೆಯಬೇಕು. ಬೆಳಿಗ್ಗೆ ಪಾಠ ಮಾಡಬೇಕು, ಆಮೇಲೆ ನಮ್ಮ ತಂಡದ ಜೊತೆ ಒಂದು ಆಪರೇಶನ್ ಮಾಡಬೇಕು. ಅದು ಮುಗಿದ ಮೇಲೆ ಥಿಯೇಟರಿನಲ್ಲಿ ಇದ್ದವರನ್ನೆಲ್ಲ ಆಯ್ಕೆ ಸಮಿತಿ ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳುತ್ತದೆ. ಕಿರಿಯರು ಮೊದಲು, ಹಿರಿಯರು ಕೊನೆಗೆ. ದೊಡ್ಡವರ ಮಾತು ಕೇಳಿ ಚಿಕ್ಕವರು ಬಾಲ ಅಲ್ಲಾಡಿಸಬಾರದು ಎಂದು ಈ ಏರ್ಪಾಡು. ಸಂಬಂಧ ಇರುವುದರಿಂದ ನನ್ನ ಮತ ಲೆಕ್ಕಕ್ಕಿಲ್ಲ, ಅಭಿಪ್ರಾಯ ಮಾತ್ರ ಬೇಕು ಎಂದಿದ್ದರು ಡೀನ್. ನನಗೆ ಅಷ್ಟೇ ಸಾಕಾಗಿತ್ತು. ಭಾವನೇ ನಾದಿನಿಯಲ್ಲಿ ಕೊರತೆ ಕಂಡನೆಂದರೆ ಆ ಮಾತಿಗೆ ಎರಡರಷ್ಟು ತೂಕ.

ಬೆಳಗಿನ ಪಾಠದಲ್ಲಿ ಕೊರತೆ ಸಿಗುತ್ತದೆಂದು ಕೊನೆಯ ಸಾಲಿನಲ್ಲಿ ಕುಳಿತೆ. ಪ್ರೊಫೆಸರ್ ಆಗಲು ಬಂದವರು ಸಾಮಾನ್ಯವಾಗಿ ತಮ್ಮ ಗೆಲುವುಗಳ ಚಿತ್ರ ತೋರಿಸುತ್ತಾರೆ. ಇವಳು ತನ್ನ ಕೈಯಲ್ಲಿ ಕೆಟ್ಟುಹೋದ ಕೇಸುಗಳನ್ನು ಮಾತ್ರ ತೋರಿಸಿದಳು. ಎಲ್ಲಿ ಎಡವಿದೆ, ಯಾವಾಗ ಗೊತ್ತಾಯಿತು, ರೋಗಿಯ ಮನೆಯವರಿಗೆ ಏನು ಹೇಳಿದೆ ಎಂದು ವಿವರಿಸಿದಳು. ಅಯ್ಯೋ ದಡ್ಡಿ, ತನ್ನ ಗುಂಡಿ ತಾನೇ ತೋಡಿಕೊಂಡಳಲ್ಲ ಎಂದು ಕೈ ಉಜ್ಜಿಕೊಂಡೆ. ಸುತ್ತ ನೋಡಿದರೆ ವಿದ್ಯಾರ್ಥಿಗಳು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ನನ್ನ ಪಾಠದಲ್ಲಿ ಅವರು ಹಾಗೆ ಬರೆದದ್ದನ್ನು ನಾನು ಕಂಡಿಲ್ಲ.

ಆಪರೇಶನ್ನಿಗೆ ಇದ್ದವರು ಒಬ್ಬ ಟೈಲರ್. ಕಿವಿಯ ಮುಂದೆ, ಜೊಲ್ಲು ಗ್ರಂಥಿಯೊಳಗೆ ಅವರಿಗೊಂದು ಗಡ್ಡೆ ಬೆಳೆದಿತ್ತು. ಆ ಗ್ರಂಥಿಯ ನಡುವೆಯೇ ಮುಖದ ನರ ಹಾದು ಕವಲೊಡೆಯುತ್ತದೆ. ಒಂದು ಕವಲು ಕಡಿದರೂ ಆ ಮನುಷ್ಯ ಆಮೇಲೆ ಅರ್ಧ ಬಾಯಲ್ಲಿ ನಗಬೇಕು, ಒಂದು ಕಣ್ಣು ತೆರೆದುಕೊಂಡೇ ಮಲಗಬೇಕು. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಇಂಥ ಕೇಸಿನಲ್ಲಿ ಕಲಿಯುವವರ ಕೈಗೆ ಚಾಕು ಕೊಡಬೇಕಾದರೆ ಅವರ ಗುರು, 'ಇವರಿಗೆ ಆಗುತ್ತೆ' ಎಂದು ಬಾಯಿಬಿಟ್ಟು ಹೇಳಿರಬೇಕು. ನನ್ನ ಯೂನಿಟ್ಟಿನಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಮುಖ ಎಂದರೆ ಮಕ್ಕಳಾಟವೇ?

ಥಿಯೇಟರಿಗೆ ಹೋಗಲು ತಡಮಾಡಿದೆ. ಬೇಕೆಂದೇ. ಮೊದಲೇ ಹೋಗಿ ನಿಂತರೆ ಆತುರ ಇದೆ ಎಂದುಕೊಂಡಾರು ಅಂತ ಪಕ್ಕದ ಕೋಣೆಯಲ್ಲಿ ತಣ್ಣಗಾದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಕುಳಿತೆ. ಒಳಗೆ ಹೋದಾಗ ಕಂಡದ್ದನ್ನು ನಂಬಲಾಗಲಿಲ್ಲ. ನನ್ನ ಜಾಗದಲ್ಲಿ ಗುಬ್ಬಿ ನಿಂತಿದ್ದಳು. ಗುಬ್ಬಿ ನನ್ನ ಪಿಜಿ ವಿದ್ಯಾರ್ಥಿನಿ. ಪುಟ್ಟ ಆಳು, ಕಾಲ ಕೆಳಗೆ ಮಣೆ ಇಟ್ಟುಕೊಂಡರೇ ಟೇಬಲ್ ಎಟಕುವುದು, ಅದಕ್ಕೇ ಆ ಅಡ್ಡಹೆಸರು. ಮೂರು ವರ್ಷದಿಂದ ಟೇಬಲ್ಲಿನ ಆಚೆ ಬದಿಯಲ್ಲಿ, ಗಾಯದ ಅಂಚನ್ನು ಎಳೆದು ಹಿಡಿಯುವ ರಿಟ್ರಾಕ್ಟರ್ ಹಿಡಿದವಳು ಈಗ ಈಚೆ ಬದಿಯಲ್ಲಿ, ಚಾಕು ಹಿಡಿದು. ಆಚೆ ಬದಿಯಲ್ಲಿ ಪ್ರೊಫೆಸರ್ ಆಗಲು ಬಂದವಳು, ರಿಟ್ರಾಕ್ಟರ್ ಹಿಡಿದು.

ಕೂಗಿ ನಿಲ್ಲಿಸುವುದು ನನ್ನ ಕೆಲಸವಾಗಿತ್ತು, ರೋಗಿ ನನ್ನ ಹೆಸರಿನಲ್ಲಿ ದಾಖಲಾದವರು. ಆದರೆ ಒಂದು ನೋಟಕ್ಕೇ ತಿಳಿಯಿತು, ಗಾಯದಲ್ಲಿ ರಕ್ತ ಒಸರುತ್ತಿರಲಿಲ್ಲ, ಸ್ವಚ್ಛವಾಗಿತ್ತು, ಹುಡುಗಿಯ ಕೈ ಸರಿಯಾದ ಪದರದಲ್ಲಿತ್ತು. ಅಪಾಯವೇನೂ ಕಾಣಲಿಲ್ಲ. ನನಗೆ ಕಂಡದ್ದು ಅವಕಾಶ. ಭಾವ ಹೊರಗಿದ್ದಾಗ, ಅವನನ್ನು ಕೇಳದೆ, ಅವನ ರೋಗಿಯ ಮೇಲೆ ಅವನ ವಿದ್ಯಾರ್ಥಿನಿಯ ಕೈಗೆ ಚಾಕು ಕೊಟ್ಟಳು. ಇಷ್ಟು ಹೇಳಿದರೆ ಸಾಕು, ಅವಳ ಅರ್ಜಿ ಕಸದ ಬುಟ್ಟಿಗೆ. ಗೋಡೆಗೆ ಒರಗಿ ಸುಮ್ಮನೆ ನಿಂತೆ.

ನಾದಿನಿ ಏನೂ ತೋರಿಸಿಕೊಡಲಿಲ್ಲ. ಆಗಾಗ ಒಂದು ಪ್ರಶ್ನೆ ಕೇಳುತ್ತಿದ್ದಳು, ಅಷ್ಟೇ. ಈಗ ಯಾವ ಕಡೆ ಹೋಗ್ತೀಯ, ಯಾಕೆ, ಅಲ್ಲಿ ಸಿಗದಿದ್ದರೆ ಏನು ಮಾಡ್ತೀಯ. ನಾನಾಗಿದ್ದರೆ ಆ ಹೊತ್ತಿಗೆ ಗಡ್ಡೆ ತೆಗೆದು ಮೂರನೆಯ ಕಾಫಿ ಕುಡಿಯುತ್ತಿದ್ದೆ. ಅರಿವಳಿಕೆ ಡಾಕ್ಟರು ಗಡಿಯಾರ ನೋಡಿಕೊಂಡರು, ಅದೂ ನನಗೆ ಹಿತವಾಯಿತು. ಅಷ್ಟರಲ್ಲಿ ಗುಬ್ಬಿಯ ಕೈ ನಿಂತಿತು. ಮಾಂಸದ ನಡುವೆ ಬಿಳಿ ದಾರದಂತೆ ನರ ಕಾಣಿಸಿತ್ತು. ಅವಳು ಉಸಿರೆಳೆದುಕೊಂಡದ್ದು ಗೋಡೆಯವರೆಗೂ ಕೇಳಿಸಿತು. ನಾದಿನಿ, ಮಾಸ್ಕಿನ ಮೇಲಿನ ಎರಡು ಕಣ್ಣಿನಲ್ಲೇ, ಆ ಹುಡುಗಿಗಿಂತ ಹೆಚ್ಚು ಖುಷಿಪಟ್ಟಳು. ಆಗ ನನಗೆ ಇಬ್ಬರ ಮೇಲೂ ಒಟ್ಟಿಗೇ ಹೊಟ್ಟೆ ಉರಿಯಿತು. ಅಷ್ಟು ನರಗಳನ್ನು ನಾನು ಹುಡುಕಿದ್ದೇನೆ, ಒಂದು ದಿನವೂ ನನ್ನೆದುರು ನಿಂತವರು ಯಾರೂ ಹಾಗೆ ಉಸಿರೆಳೆದಿಲ್ಲ.

ಎಚ್ಚರವಾದ ಮೇಲೆ ಟೈಲರಿಗೆ ಕಣ್ಣು ಬಿಗಿಯಾಗಿ ಮುಚ್ಚಿ ಎಂದೆವು, ಮುಚ್ಚಿದರು. ಹಲ್ಲು ಕಿರಿಯಿರಿ ಎಂದೆವು. ಎರಡೂ ಕಡೆ ಸಮವಾಗಿ ಕಿರಿದರು. ಸರಿಯಪ್ಪ, ನಿನ್ನ ಮುಖ ಉಳಿಯಿತು, ಇನ್ನು ನನ್ನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಸಮಿತಿಯ ಕೋಣೆಯ ಕಡೆ ನಡೆದೆ.

ಹೊರಗಿನ ಬೆಂಚಿನ ಮೇಲೆ ಕುಳಿತು ವಾಕ್ಯಗಳನ್ನು ಮಸೆದುಕೊಂಡೆ. 'ಸಂಬಂಧಿಕಳೆಂದು ಮುಚ್ಚಿಡುವುದು ಸರಿಯಲ್ಲ' ಎಂದು ಶುರುಮಾಡುವುದು, ದನಿಯಲ್ಲಿ ಸ್ವಲ್ಪ ನೋವು ಇರಬೇಕು. ನೆಲ ಒರೆಸುವವರು ಒಳಗೆ ಹೋಗಿ ಬಂದರು, ಗುಬ್ಬಿ ಹೋಗಿ ಬಂದಳು, ಸಿಸ್ಟರ್ ಹೋಗಿ ಬಂದರು, ಅರಿವಳಿಕೆ ಡಾಕ್ಟರು ಹೋಗಿ ಬಂದರು. ಎಲ್ಲರೂ ನನ್ನನ್ನು ನೋಡಿ ನಕ್ಕರು. ಅದಕ್ಕೆ ಅರ್ಥ ಹುಡುಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ನನ್ನನ್ನು ಕರೆದರು.

ಬಾಯಿ ತೆರೆಯುವ ಮೊದಲೇ ಡೀನ್ ಮಾತು ಶುರುಮಾಡಿದರು.

"ಅಭ್ಯರ್ಥಿ ವಿಷಯ ಆಮೇಲೆ. ಮೊದಲು ನಿಮ್ಮ ವಿಷಯ. ನಿಮ್ಮ ಪಿಜಿ ಹುಡುಗಿ ಹೇಳಿದ್ಲು, ಸಿಸ್ಟರೂ ಹೇಳಿದ್ರು. ಇವಳಿಗೆ ಆಗುತ್ತೆ, ಕೈಗೆ ಕೊಡು ಅಂತ ನೀವೇ ಮೊದಲೇ ನಿಮ್ಮ ನಾದಿನಿಗೆ ಹೇಳಿ ಕಳಿಸಿದ್ರಂತೆ. ನಿಜಾನಾ?"

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ನನ್ನದಾಯಿತು. ನಾನು ಹೇಳಿರಲಿಲ್ಲ. ಇಲ್ಲ ಎಂದರೆ ಮುಗಿಯಿತು. ಅವಳು ಸುಳ್ಳುಗಾತಿ, ಅದೂ ರೋಗಿಯ ಪ್ರಾಣದ ಎದುರಿಗೆ ಸುಳ್ಳು ಹೇಳಿದವಳು, ಈ ಆಸ್ಪತ್ರೆಯ ಹೊಸ್ತಿಲು ಅವಳು ಮತ್ತೆ ತುಳಿಯುವ ಹಾಗಿಲ್ಲ. ಕುರ್ಚಿ ನನ್ನದು. ಒಂದೇ ಒಂದು ಮಾತು, ಅದೂ ನಿಜ. ಇದಕ್ಕಿಂತ ಚೆನ್ನಾದ ಅವಕಾಶವನ್ನು ದೇವರು ಯಾರಿಗೂ ಕೊಡುವುದಿಲ್ಲ.

ಆದರೆ ಡೀನ್ ನನ್ನನ್ನು ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯ ವೈದ್ಯೆ, ಎಂದೂ ನನ್ನನ್ನು ಮಾತಾಡಿಸದವರು, ತಲೆದೂಗುತ್ತಿದ್ದರು. ಇಲ್ಲ ಎಂದರೆ ಆ ನೋಟ ಹೋಗುತ್ತದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಹುಡುಗಿಯನ್ನು ಮೂರು ವರ್ಷ ಎದುರಿಗಿಟ್ಟುಕೊಂಡು ಗುರುತಿಸದೆ ಹೋದಿರಾ ಎಂದು ಕೇಳುತ್ತಾರೆ. ಅವಳನ್ನು ಒಂದೇ ಬೆಳಗಿನಲ್ಲಿ ಗುರುತಿಸಿದ್ದು ನಾದಿನಿ ಎಂದಾಗುತ್ತದೆ. ಕುರ್ಚಿ ಬಿಟ್ಟೇನು, ಆ ಹೆಸರನ್ನು ಅವಳಿಗೆ ಹೇಗೆ ಬಿಡುವುದು?

"ಹೌದು," ಎಂದೆ. "ನಾನೇ ಹೇಳಿದ್ದೆ."

ಡೀನ್ ಎದ್ದು ಬಂದು ಕೈ ಕುಲುಕಿದರು. ಇದೇ ಬೇಕಾಗಿತ್ತು, ನಿಮಗೆ ಕೆಲಸ ಬರುತ್ತೆ ಅಂತ ಗೊತ್ತಿತ್ತು, ಕಲಿಸುವ ಮನಸ್ಸಿದೆ ಅಂತ ಗೊತ್ತಿರಲಿಲ್ಲ ಎಂದರು. ಅಷ್ಟಾದ ಮೇಲೆ ಅಭ್ಯರ್ಥಿಯ ಬಗ್ಗೆ ಕೇಳಿದರು. ಮಸೆದಿಟ್ಟ ವಾಕ್ಯಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ನಾನೇ ಕೊಡು ಎಂದ ಮೇಲೆ, ಕೊಟ್ಟಳು ಎಂದು ಹೇಗೆ ದೂರುವುದು? ಅವಳಿಗೆ ಕಲಿಸುವುದು ಬರುತ್ತದೆ ಎಂದೆ. ನನ್ನ ಮಾತಿಗೆ ನಾನು ಲೆಕ್ಕ ಹಾಕಿದ್ದಂತೆಯೇ ಎರಡರಷ್ಟು ತೂಕ ಬಿತ್ತು. ಸಂಜೆಯೊಳಗೆ ಅವಳ ಆಯ್ಕೆ ಖಾತ್ರಿಯಾಯಿತು.

ಮನೆಗೆ ಬಂದಾಗ ಅವಳು ನಡುಮನೆಯಲ್ಲಿ, ನನ್ನ ಕುರ್ಚಿಯನ್ನು ಬಿಟ್ಟು ಕೆಳಗೆ ಚಾಪೆಯ ಮೇಲೆ ಕುಳಿತಿದ್ದಳು. ಹೆಂಡತಿ ಒಳಗೆ ಹಣ್ಣು ಹೆಚ್ಚುತ್ತಿದ್ದಳು. ಅತ್ತೆ ಕೋಣೆಯಲ್ಲಿ ಫೋನಿನಲ್ಲಿದ್ದರು, ಯಾರಿಗೆ ಏನು ಹೇಳುತ್ತಿದ್ದಾರೆಂದು ಕೇಳಬೇಕಾಗಿರಲಿಲ್ಲ. ನಾನು ದನಿ ತಗ್ಗಿಸಿ, ಯಾಕೆ ಹಾಗೆ ಸುಳ್ಳು ಹೇಳಿದೆ, ನಾನು ಇಲ್ಲ ಅಂದಿದ್ದರೆ ನಿನ್ನ ಗತಿ ಏನಾಗುತ್ತಿತ್ತು ಎಂದು ಕೇಳಿದೆ.

"ವಾಪಸ್ ಹೋಗ್ತಿದ್ದೆ," ಅಂದಳು. "ಕೈ ತೊಳೆಯೋವಾಗ ಆ ಹುಡುಗೀನ ಮಾತಾಡಿಸಿದೆ ಭಾವ. ಆಪರೇಶನ್ ಪೂರ್ತಿ ಬಾಯಲ್ಲೇ ಹೇಳಿಸಿದೆ, ಎಲ್ಲೂ ತಪ್ಪಲಿಲ್ಲ. ಎಷ್ಟು ಸಲ ಮಾಡಿದೀಯ ಅಂದೆ. ತಲೆ ತಗ್ಗಿಸಿದ್ಲು."

ನಾನು ಕುರ್ಚಿಯಲ್ಲಿ ಕುಳಿತು ಕಾಲುಚೀಲ ಬಿಚ್ಚತೊಡಗಿದೆ.

"ಆ ಜಾಗದಲ್ಲಿ ನಾನೂ ಎರಡು ವರ್ಷ ನಿಂತಿದ್ದೆನಲ್ಲ. ಇವಳಿಗೆ ಆಗುತ್ತೆ ಅಂತ ನೀವು ಒಂದ್ಸಲ ಹೇಳ್ತೀರ ಅಂತ ದಿನಾ ಕಾಯ್ತಿದ್ದೆ. ನೀವು ಹೇಳಲಿಲ್ಲ. ಬೇರೆ ಊರಲ್ಲಿ ಬೇರೆ ಯಾರೋ ಹೇಳಿದ್ರು. ಆದ್ರೆ ನನಗೆ ಬೇಕಾಗಿದ್ದಿದ್ದು ನಿಮ್ಮ ಬಾಯಿಂದ. ಅವಳಿಗಾದ್ರೂ ಅದು ನಿಮ್ಮ ಹೆಸರಲ್ಲೇ ಸಿಗಲಿ ಅನ್ನಿಸ್ತು."

ಸಿಟ್ಟು ಮಾಡಿಕೊಂಡಿದ್ದರೆ ಉತ್ತರ ಕೊಡುತ್ತಿದ್ದೆ. ಜಗಳದಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಅವಳು ಹವಾಮಾನದ ಬಗ್ಗೆ ಹೇಳುವಷ್ಟು ತಣ್ಣಗೆ ಹೇಳಿದಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ತಣ್ಣಗಿರಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಈಗಲಾದರೂ ಹೇಳಬಹುದಿತ್ತು, ಆಗಲೂ ನಿನಗೆ ಆಗುತ್ತಿತ್ತಮ್ಮ ಎಂದು. ನನಗದು ಆಗಲೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೇಳಿರಲಿಲ್ಲ.

ಅತ್ತೆ ಫೋನ್ ಕಿವಿಯಲ್ಲಿಟ್ಟುಕೊಂಡೇ ಹೊರಗೆ ಬಂದರು, ಹಿಂದೆಯೇ ಹೆಂಡತಿ ಹಣ್ಣಿನ ತಟ್ಟೆ ಹಿಡಿದು ಬಂದಳು. ಫೋನಿನ ಆಚೆ ಇದ್ದವರು ಯಾರೋ, ನಿಮ್ಮ ಚಿಕ್ಕ ಮಗಳಿಗೆ ಈ ವಿದ್ಯೆ ಕಲಿಸಿದ ಪುಣ್ಯಾತ್ಮರು ಯಾರು ಎಂದು ಕೇಳಿದ್ದರಂತೆ. ಅತ್ತೆ ಮಗಳ ಮುಖ ನೋಡಿದರು.

"ಯಾರು ಅಂದ್ರೆ ಏನಮ್ಮ? ನಮ್ಮ ಭಾವನೇ," ಅಂದಳು ನಾದಿನಿ. "ಎಲ್ಲ ಅವರೇ ಕಲಿಸಿದ್ದು."

ಅತ್ತೆ ಮೊದಲ ಸಲ ನನ್ನ ಕಡೆ ನೋಡಿ ಮುಖ ಅರಳಿಸಿದರು. ಹೌದಾ ಅಳಿಯಂದ್ರೇ ಎಂದು ಕೇಳಿದರು. ಹೆಂಡತಿಯೂ ನೋಡುತ್ತಿದ್ದಳು. ನಾದಿನಿ ಮಾತ್ರ ನೋಡಲಿಲ್ಲ, ತಟ್ಟೆಯಿಂದ ಒಂದು ಹೋಳು ಆರಿಸಿಕೊಳ್ಳುತ್ತಿದ್ದಳು.

ಹೌದು ಎಂದು ತಲೆಯಾಡಿಸಿದೆ.