ನದಿಯಂಚಿನ ಸಾಲುಗಳು

ಮಳೆ ಅಪರೂಪವಾದ ಆ ಎತ್ತರದ ಕಣಿವೆಯಲ್ಲಿ, ನದಿಯಂಚಿನ ದ್ರಾಕ್ಷಿ ಸಾಲುಗಳನ್ನು ಕಿತ್ತುಹಾಕೋಣವೆಂದು ಅಕ್ಕ ತಮ್ಮನ ತಲೆ ತಿನ್ನುತ್ತಿದ್ದಳು. ಬೆಟ್ಟದ ಕೊರೆಯುವ ಗಾಳಿ ಇಳಿದು ನಿಲ್ಲುತ್ತಿದ್ದದ್ದು ಅಲ್ಲೇ. ಅಪ್ಪ ನೆಟ್ಟದ್ದೆಂದು ಜಪ್ಪಯ್ಯ ಅಂದರೂ ತಮ್ಮ ಒಪ್ಪಿರಲಿಲ್ಲ. ಈ ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಚಿಗುರೆಲ್ಲ ಕಪ್ಪಾದಾಗ ಅವನೇ ಗರಗಸ ಹಿಡಿದು ಹೊರಟ.

ಅಕ್ಕ ಹಿಂದೆಯೇ ಹೋಗಿ ಸತ್ತ ಚಿಗುರಿನ ಬುಡ ಕೆರೆದು ನೋಡಿದಳು. ಪಕ್ಕದಲ್ಲೇ ಇನ್ನೊಂದು ಮೊಗ್ಗು ಹಸಿರಾಗಿತ್ತು.

“ಗರಗಸ ಕೆಳಗಿಡೋ. ಇನ್ನೂ ಜೀವ ಇದೆ,” ಎಂದಳು.

“ಕಿತ್ತುಹಾಕು ಅಂತ ಪ್ರಾಣ ತಿಂದವಳು ನೀನೇ ಅಲ್ವಾ ಅಕ್ಕಾ?”

“ಹೌದು. ಸಿಟ್ಟಲ್ಲಿ ಕೀಳೋದು ಬೇಡ. ಕೊಯ್ಲಾಗ್ಲಿ, ಆಮೇಲೆ ನೋಡೋಣ.”

ತಡವಾಗಿ ಬಿಟ್ಟ ಆ ಹಣ್ಣಿನಿಂದ ಒಂದು ಪೀಪಾಯಿ ವೈನೂ ಆಗಲಿಲ್ಲ. ಎಲೆ ಉದುರಿದ ಮೇಲೆ ಇಬ್ಬರೂ ಮತ್ತೆ ನೆಡಲು ಕಡ್ಡಿ ಕತ್ತರಿಸಿಟ್ಟುಕೊಂಡು ಬಳ್ಳಿ ಕಿತ್ತರು. ಕೊರೆಯುವ ಗಾಳಿ ನಿಲ್ಲದ ಮೇಲಿನ ಇಳಿಜಾರಿನಲ್ಲಿ, ಅಕ್ಕ ತೋರಿಸಿದ ಜಾಗದಲ್ಲೇ ತಮ್ಮ ಆ ಕಡ್ಡಿಗಳನ್ನು ನೆಟ್ಟ.