ಚಮೇಲಿಯ ಸೋಮವಾರ

ಆ ಹಾರ್ನ್ ರೂಢಿ ಮಾಡಿಸಿದವನು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಎಂಬತ್ನಾಲ್ಕರಲ್ಲಿ ಹಂಪಣ್ಣ ಸಾಹುಕಾರರು ಗುರುಗುಂಟಾದ ಗುಡ್ಡದ ಬುಡದಲ್ಲಿ ಸಫಾರಿ ತೋಟ ಮಾಡಿದಾಗ ಇದ್ದದ್ದು ಹನ್ನೆರಡು ಜಿಂಕೆ, ಒಂದು ಮುದಿ ಕರಡಿ, ಮೊಸಳೆಯ ಹೊಂಡ. ಮರುವರ್ಷ ಮುಚ್ಚಿಹೋದ ಯಾವುದೋ ಸರ್ಕಸ್ಸಿನಿಂದ ಚಮೇಲಿ ಎಂಬ ಸಿಂಹಿಣಿ ಬಂದ ಮೇಲೆಯೇ ಸಿಂಧನೂರು, ಮಸ್ಕಿಯ ಜನ ಬಸ್ಸು ಹತ್ತಿ ಬರತೊಡಗಿದ್ದು. ಆ ಸೋಮಾರಿಯೋ ಬಂಡೆಯ ಹಿಂದೆ ಮಲಗಿದರೆ ಏಳುತ್ತಿರಲಿಲ್ಲ. ಜನರನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಸುತ್ತಿಸುತ್ತಿದ್ದ ನಾನು, ಹಾರ್ನ್ ಹೊಡೆದು ಮಾಂಸ ಎಸೆಯಲು ಶುರು ಮಾಡಿದೆ. ತಿಂಗಳೊಳಗೆ ಹಾರ್ನ್ ಕೇಳಿದರೆ ಓಡಿ ಬರುತ್ತಿದ್ದಳು. "ಶಾಭಾಸ್ ಬುಡ್ಡೇಸಾಬ್" ಎಂದು ಜನ ಬೆನ್ನು ತಟ್ಟಿದರೆ ನಾನೂ ಉಬ್ಬುತ್ತಿದ್ದೆ.

ಸಾಹುಕಾರರು ಲಿಂಗಪೂಜೆಯಾಗದೆ ನೀರು ಮುಟ್ಟದವರು. ಶ್ರಾವಣ ಸೋಮವಾರ ಅವರಿಗೆ ಉಪವಾಸ, ತೋಟದೊಳಗೆ ಮಾಂಸ ತರುವಂತಿರಲಿಲ್ಲ. ಅಂದು ಚಮೇಲಿಗೂ ಉಪವಾಸ, ಅವಳ ಬೇಲಿಯ ಗೇಟಿಗೆ ಬೀಗ. ಎಂಬತ್ತೆಂಟರಲ್ಲಿ ಆಗಸ್ಟ್ ಹದಿನೈದು ಅಂಥ ಸೋಮವಾರವೇ ಬಿತ್ತು. ಧ್ವಜ ಹಾರಿಸಿ, ಹದಿನೆಂಟು ಮಕ್ಕಳನ್ನು ಕಟ್ಟಿಕೊಂಡು ಲಿಂಗಸುಗೂರಿನ ಮಾಸ್ತರರೊಬ್ಬರು ಬಂದು ನಿಂತರು.

"ಬ್ಯಾಡ್ರೀ ಸಾಹುಕಾರ್ರ, ಚಮೇಲಿ ಹಸದಾಳ," ಎಂದೆ.

"ಮಕ್ಕಳು ಆಸಿ ಮಾಡಿ ಬಂದಾವೋ. ದೂರದಿಂದ ತೋರ್ಸಿ ಬಾ. ಹಾರ್ನ್ ಮಾತ್ರ ಹೊಡಿಬ್ಯಾಡ."

ಹಿಂದಿನ ದಿನದ ಮಳೆಗೆ ಎರೆಮಣ್ಣು ಮೆತ್ತಗಾಗಿತ್ತು. ಅವಳ ಬೇಲಿಯೊಳಗೆ ನಟ್ಟನಡುವೆ ಗಾಲಿ ಹೂತು ಇಂಜಿನ್ ಬಂದ್ ಆಯಿತು. ಗೇಟಿನವರನ್ನು ಕರೆಯಲು ನನ್ನ ಹಾಳು ಕೈ ತಾನಾಗಿ ಹಾರ್ನ್ ಒತ್ತಿತು.

ಯಾ ಅಲ್ಲಾ! ಚಮೇಲಿ ಎದ್ದಳು.

ಟ್ರಾಲಿಗೆ ಎದೆಮಟ್ಟದ ಜಾಲರಿ, ಮೇಲೆ ಬಟಾಬಯಲು. ಅವಳು ಒಂದು ಸುತ್ತು ಬಂದಳು. ಮಾಂಸ ಬೀಳಲಿಲ್ಲ. ಇನ್ನೊಂದು ಸುತ್ತು ಬಂದು ಮುಂಗಾಲೆತ್ತಿ ಜಾಲರಿಯ ಮೇಲಿಟ್ಟಳು. ಜಾಲರಿ ಒಳಕ್ಕೆ ಬಾಗಿತು. ಮಕ್ಕಳು ಮಾಸ್ತರರ ಧೋತರ ಹಿಡಿದು ಮೂಲೆಗೆ ಒತ್ತಿಕೊಂಡರು. ಒಂದಕ್ಕೆ ಏನಾದರೂ ಆದರೆ ಕೊಂದವನು ನಾನೇ ಎನಿಸಿ ಕೆಳಗೆ ಹಾರಿದೆ, ಬಾನೆಟ್ ಬಡಿದೆ.

"ಬಾರೇ ಚಮೇಲಿ, ನನ್ನ ತಿನ್ನ ಬಾ!"

ಅವಳು ತಿರುಗಿಯೂ ನೋಡಲಿಲ್ಲ.

ಆಗ ಗೇಟು ಕಿರ್ರೆಂದಿತು. ಹಣೆ ತುಂಬ ವಿಭೂತಿ, ಮಡಿಪಂಚೆಯಲ್ಲೇ ಸಾಹುಕಾರರು ಒಳಗೆ ಬಂದರು. ನನ್ನ ಹೆಂಡತಿ ಪೀರ್‌ಬೀ ಗೇಟಿನ ಬಳಿ ಕಟ್ಟುತ್ತಿದ್ದ ಹೋತವನ್ನು ಹಗ್ಗ ಹಿಡಿದು ಜಗ್ಗುತ್ತಿದ್ದರು. ಅದು ಕಾಲೂರಿ ಒದರಿತು. ಚಮೇಲಿಯ ಕಿವಿ ನಿಮಿರಿತು.

"ಶಿವನೇ, ತಪ್ಪಾತೋ," ಎಂದು ಸಾಹುಕಾರರು ಹಗ್ಗ ಬಿಟ್ಟರು. ಹೋತ ಬಂಡೆಗಳ ಕಡೆ ಓಡಿತು, ಅದರ ಹಿಂದೆ ಅವಳು. ನಾವು ಮಕ್ಕಳನ್ನು ಇಳಿಸಿಕೊಂಡು ಗೇಟಿನಾಚೆ ಓಡಿದೆವು. ಎಣಿಸಿದೆ, ಹದಿನೆಂಟೂ ಇದ್ದವು. ಕೂತು ಅತ್ತುಬಿಟ್ಟೆ.

ಸಾಹುಕಾರರು ತಮ್ಮ ಅಂಗೈ ನೋಡಿಕೊಳ್ಳುತ್ತ ನಿಂತಿದ್ದರು. "ಉಪಾಸ ನಂದಿತ್ತೋ ಬುಡ್ಡ್ಯಾ. ಆಕಿ ತಲಿ ಮ್ಯಾಲ ಯಾಕ ಹೇರಿದ್ನಿ?"

ಅಂದೇ ಹಾರ್ನ್ ಕಿತ್ತೆಸೆದೆ. ಮುಂದಿನ ಸೋಮವಾರ ನಸುಕಿಗೇ ಸಾಹುಕಾರರು ಚಮೇಲಿಯ ಬೇಲಿಯ ಮುಂದೆ ನಿಂತಿದ್ದರು.

"ಮೊದ್ಲು ಆಕಿಗೆ ಹಾಕು. ಆಮ್ಯಾಲ ನಾ ಪೂಜಿಗೆ ಕುಂದ್ರತೀನಿ."

ತೊಂಬತ್ನಾಲ್ಕರಲ್ಲಿ ಅರಣ್ಯದವರು ಚಮೇಲಿಯನ್ನು ಒಯ್ಯುವವರೆಗೂ, ಶ್ರಾವಣ ಸೋಮವಾರ ಅವಳು ತಿಂದು ಬಾಯಿ ನೆಕ್ಕಿಕೊಳ್ಳುವ ತನಕ ಸಾಹುಕಾರರು ಹನಿ ನೀರು ಮುಟ್ಟಲಿಲ್ಲ.