ಒಬ್ಬಂಟಿಯ ಹೆಂಡತಿ

ಬಾಗಿಲಲ್ಲಿ ನಿಂತ ಹೆಂಗಸು ಬಾಯಿ ತೆರೆದಾಗ ಕಚೇರಿಯ ಹುಡುಗಿ ಜರಡಿಯ ಬಾಯಲ್ಲಿ ಬ್ರೆಡ್ಡಿನ ತುತ್ತಿತ್ತು. ಅದನ್ನು ಅಗಿಯುವುದೋ ನುಂಗುವುದೋ ತಿಳಿಯದೆ ಹಾಗೇ ಕೆನ್ನೆಗೆ ಒತ್ತರಿಸಿಕೊಂಡು ಕೂತಳು.

"ಒಬ್ಬಂಟಿ ಅಂತ ಒಬ್ರು ಬರೀತಾರಲ್ಲ, ಸತ್ತ ಹೆಂಡ್ತಿ ಬಗ್ಗೆ," ಎಂದಳು ಆಕೆ. "ಆ ಹೆಂಡ್ತಿ ನಾನು."

ನಲವತ್ತು ದಾಟಿದ ಹೆಂಗಸು. ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಕೊರಳಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು. ತೆಗೆದಿಡುವುದನ್ನು ಮರೆತು ಹಾಗೇ ಬೀದಿಗೆ ಇಳಿದುಬಿಟ್ಟಿದ್ದಳೆಂದು ಕಾಣುತ್ತದೆ. ಅವಳ ಬೆನ್ನಿಗೇ ಕೆಳಗಿನ ಮೀನಿನಂಗಡಿಯ ವಾಸನೆಯೂ ಒಳಗೆ ಬಂತು. ಜರಡಿಯ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಸತ್ತವರು ಬರುವ ಮುಂಚೆ ಗಾಳಿ ಬೀಸುತ್ತಿತ್ತು, ದೀಪ ಸಣ್ಣಗಾಗುತ್ತಿತ್ತು, ನಾಯಿ ಊಳಿಡುತ್ತಿತ್ತು. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಸತ್ತವಳು ಕೂತುಕೊಳ್ಳಲು ಕುರ್ಚಿ ಕೇಳಿದಳು, ಅಷ್ಟೇ.

ಜರಡಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯ ಯಜಮಾನರು ಇಟ್ಟದ್ದು. ಬೆಳಗಾದರೆ ರಾಶಿ ರಾಶಿ ಬ್ಲಾಗುಗಳನ್ನು ಓದಿ, ಜೊಳ್ಳು ತೂರಿ, ವಾರಕ್ಕೆ ಐದು ಬರಹ ಆರಿಸಿ, ಒಂದೊಂದಕ್ಕೂ ಎರಡು ಸಾಲಿನ ಪರಿಚಯ ಬರೆದು, ಭಾನುವಾರ ಬೆಳಿಗ್ಗೆ ಸಾವಿರಾರು ಓದುಗರಿಗೆ ಈಮೇಲಿನಲ್ಲಿ ಕಳಿಸುವುದು ಅವಳ ಕೆಲಸ. ಬಾಗಿಲ ಹಿಡಿಕೆಗಳ ಬಗ್ಗೆಯಷ್ಟೇ ಬರೆಯುವ ಬೀಗದವನೊಬ್ಬ ಅವಳಿಗೆ ಗೊತ್ತಿದ್ದ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕೊಡೆಗಳಿಗೆ ಒಡೆಯರನ್ನು ಕಲ್ಪಿಸಿಕೊಂಡು ಬರೆಯುವ ಕಂಡಕ್ಟರು, ತನ್ನ ಕುರುಡು ಬೆಕ್ಕಿನ ದಿನಚರಿ ಇಡುವ ನಿವೃತ್ತ ಟೀಚರು, ಎಲ್ಲರೂ ಅವಳಿಗೆ ನೆಂಟರಂತೆ. ಬೆರಳೆಣಿಕೆಯ ಜನ ಓದುವ ಬ್ಲಾಗೊಂದನ್ನು ಎಲ್ಲಿಂದಲೋ ಹೆಕ್ಕಿ ತಂದು ಎಲ್ಲರ ಮುಂದಿಟ್ಟ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ, ಅಷ್ಟು ಸಂಭ್ರಮ.

ಒಬ್ಬಂಟಿಯನ್ನು ಹೆಕ್ಕಿದ್ದೂ ಅವಳೇ. ಕಾಯಿಲೆಯಿಂದ ತೀರಿಹೋದ ಹೆಂಡತಿಯ ಬಗ್ಗೆ ಯಾರೋ ಒಬ್ಬ ಆ ಹೆಸರಿನಲ್ಲಿ ವಾರಕ್ಕೊಂದು ನೆನಪು ಬರೆಯುತ್ತಿದ್ದ. ಕತ್ತರಿ ಕೈಯಲ್ಲಿದ್ದರೂ ದಾರವನ್ನು ಹಲ್ಲಿನಿಂದಲೇ ಕಚ್ಚಿ ಮುಂದಿನ ಹಲ್ಲಿನ ಅಂಚು ಸವೆಸಿಕೊಂಡಿದ್ದ ಹೆಂಡತಿ. ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿ ದೋಣಿಯ ಆಕಾರದ ಕಲೆ. ನೋವಿದ್ದಾಗ ಗೋಡೆಗೆ ಮುಖ ಮಾಡಿ ಗುನುಗುತ್ತಿದ್ದಳಂತೆ. ಓದಿ ಜರಡಿ ಅತ್ತಿದ್ದಳು. 'ಪ್ರೀತಿಸುವುದೆಂದರೆ ಹೀಗೆ ನೋಡುವುದು' ಎಂದು ಪರಿಚಯದಲ್ಲಿ ಬರೆದಿದ್ದಳು. ಆ ವಾರ ಓದುಗರೂ ಅತ್ತರು. ಇಂಥ ಗಂಡ ಸಿಕ್ಕಿದ್ದರೆ ನಾನೂ ಖುಷಿಯಾಗಿ ಸಾಯುತ್ತಿದ್ದೆ ಎಂದು ಒಬ್ಬಾಕೆ ಬರೆದಳು. ಇನ್ನೊಬ್ಬಾಕೆ ಆತನ ಕಾಲುಚೀಲದ ಅಳತೆ ಕೇಳಿ, ಉಣ್ಣೆಯದು ಹೆಣೆದು ಕಳಿಸುವೆನೆಂದಳು. ಎಲ್ಲರದೂ ಒಂದೇ ಪ್ರಶ್ನೆ: ಆಮೇಲೆ?

ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುತ್ತಾ, ರಾಜಕುಮಾರಿ ಬಾವಿಯೊಳಗೆ ಇಣುಕಿದ ಜಾಗದಲ್ಲಿ ನಿಲ್ಲಿಸಿ, ಮೊಮ್ಮಗಳು 'ಆಮೇಲೆ?' ಎನ್ನುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಆ ಆಮೇಲೆ ಜರಡಿಯ ನಾಲಗೆಗೆ ಅಂಟಿಕೊಂಡೇ ಉಳಿದಿತ್ತು. ಮೂರು ತಿಂಗಳ ಹಿಂದೆ ಅವಳೇ ಒಬ್ಬಂಟಿಗೆ ಮೇಲ್ ಕಳಿಸಿದ್ದಳು. ಕೊನೆಯ ದಿನಗಳ ಬಗ್ಗೆ ಬರೆಯಿರಿ, ಅವರ ಕೈ, ಅವರ ಪಾದ, ಎಲ್ಲವನ್ನೂ ಹತ್ತಿರದಿಂದ ಕಾಣಿಸಿ ಎಂದು. ಆತ ಬರೆದ. ಕೊನೆಯ ಕಂತು, ಹೆಂಡತಿ ಸಾಯುವ ಬೆಳಗು, ನಿನ್ನೆಯಷ್ಟೇ ಬಂದಿತ್ತು. ನಾಳೆ ಭಾನುವಾರ ಅದು ಹೋಗಬೇಕಿತ್ತು.

ಈಗ ಆ ಸವೆದ ಹಲ್ಲು, ಆ ದೋಣಿಯಾಕಾರದ ಕಲೆ ಎರಡೂ ಮೇಜಿನಾಚೆ ಕೂತಿದ್ದವು. ಜರಡಿ ತುತ್ತನ್ನು ಕಾಗದಕ್ಕೆ ಉಗಿದು ಬುಟ್ಟಿಗೆ ಹಾಕಿದಳು.

ಹೊಲಿಗೆಯಾಕೆ ನಡೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಮೊನ್ನೆ ಗಿರಾಕಿ ಹುಡುಗಿಯೊಬ್ಬಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತಾನು ನೆಲದಲ್ಲಿ ಮಂಡಿಯೂರಿ ಲಂಗದ ಅಂಚಿಗೆ ಪಿನ್ನು ಹಾಕುತ್ತಿದ್ದಳಂತೆ. ಹುಡುಗಿ ಫೋನು ನೋಡಿಕೊಂಡು ಮೂಗು ಸೇದುತ್ತಿದ್ದಳು. ಏನಾಯಿತೆಂದು ಕೇಳಿದರೆ, ಪಾಪ ಯಾರೋ ಹೆಂಗಸು ಸಾಯುತ್ತಿದ್ದಾಳೆ ಎಂದು ಗಟ್ಟಿಯಾಗಿ ಓದತೊಡಗಿದಳು.

"ಬಾಯಲ್ಲಿ ಪಿನ್ನು ಕಚ್ಕೊಂಡು ಕೇಳ್ತಾ ಇದ್ದೆ. ಮಣಿಕಟ್ಟಿನ ಕಲೆ ವಿಷಯ ಬಂತು ನೋಡಿ, ಕೈಲಿದ್ದ ಪಿನ್ನನ್ನ ಆ ಹುಡ್ಗಿ ಕಾಲಿಗೇ ಚುಚ್ಚಿಬಿಟ್ಟೆ."

ಗಂಡನನ್ನು ಕೇಳಲಿಲ್ಲವೇ ಎಂದಳು ಜರಡಿ. ಪ್ರಶ್ನೆ ಎಷ್ಟು ಪೆದ್ದೆಂಬುದು ಕೇಳಿದ ಮೇಲೆ ತಿಳಿಯಿತು.

"ಕೇಳ್ದೆ. ಪಕ್ಕದ ರೂಮಲ್ಲೇ ಇರ್ತಾರಲ್ಲ. ನಾನು ಮಾಡಿಟ್ಟಿದ್ದನ್ನ ಉಂಡು, ಕೈ ತೊಳ್ಕೊಂಡು, ಹೋಗಿ ನನ್ನ ಸಾಯಿಸ್ತಾ ಕೂತಿರ್ತಾರೆ. ಅದು ಕಥೆ ಕಣೇ, ನೀನಲ್ಲ ಅಂದ್ರು. ಹಾಗಾದ್ರೆ ಹಲ್ಲು ಮಾತ್ರ ಯಾಕೆ ನಂದು ಅಂದೆ. ಅದಕ್ಕೇನ್ ಹೇಳಿದ್ರು ಗೊತ್ತಾ, ಇಷ್ಟು ಜನ ನಿನಗೋಸ್ಕರ ಅಳ್ತಿದ್ದಾರೆ, ಪುಣ್ಯ ಮಾಡಿದ್ದೀಯ ಅಂದ್ರು."

ಮಾತು ಕೇಳಿಸಿಕೊಂಡೋ ಏನೋ, ಒಳಕೋಣೆಯಿಂದ ಯಜಮಾನರು ಬಂದರು. ಮಧ್ಯಾಹ್ನದ ಊಟದ ಎಣ್ಣೆ ಇನ್ನೂ ತುಟಿಯ ಮೂಲೆಯಲ್ಲಿತ್ತು. ಯಾರದೋ ವಿಸಿಟಿಂಗ್ ಕಾರ್ಡಿನ ತುದಿಯಿಂದ ಹಲ್ಲಿನ ಸಂದಿ ಕೆದಕುತ್ತಾ ಎಲ್ಲವನ್ನೂ ಕೇಳಿ, ಸಿಕ್ಕಿದ್ದನ್ನು ಒಮ್ಮೆ ನೋಡಿ, ಕಾರ್ಡನ್ನು ಮತ್ತೆ ಜೇಬಿಗೆ ಇಟ್ಟುಕೊಂಡರು.

"ನೀವು ಬದುಕಿದ್ದೀರಲ್ಲ ಅಮ್ಮಾ, ಅದಕ್ಕಿಂತ ಒಳ್ಳೇ ಸುದ್ದಿ ಬೇಕಾ," ಎಂದು ನಕ್ಕರು. ಆಮೇಲೆ ಅವರಿಗೆ ಏನೋ ಹೊಳೆದದ್ದು ಕಣ್ಣಿನಲ್ಲೇ ಕಂಡಿತು. "ನೋಡು ಜರಡಿ, ನಾಳೆ ಕೊನೇದು ಹೋಗ್ಲಿ. ಜನ ಚೆನ್ನಾಗಿ ಅಳ್ಲಿ. ಮುಂದಿನ ವಾರ ಇವರದ್ದೇ ಸಂದರ್ಶನ. ಸತ್ತವಳು ಮಾತಾಡಿದಳು! ಹೇಗಿದೆ?"

ಹೊಲಿಗೆಯಾಕೆ ಅವರನ್ನು ಅಡಿಯಿಂದ ಮುಡಿಯವರೆಗೆ, ಬಟ್ಟೆ ಅಳೆಯುವವಳ ಕಣ್ಣಿನಲ್ಲಿ ಒಮ್ಮೆ ನೋಡಿದಳು.

"ನಿಮ್ಮ ಕಾಲರ್ ಒಳಗಡೆ ಜಿಡ್ಡು ಹಿಡಿದಿದೆ," ಎಂದಳು. "ಸೋಪು ಹಚ್ಚಿ ನೆನೆಹಾಕಿ. ಸುಮ್ನೆ ಉಜ್ಜಿದ್ರೆ ಹೋಗಲ್ಲ."

ಯಜಮಾನರ ಕೈ ತಾನಾಗಿಯೇ ಕಾಲರಿನತ್ತ ಹೋಯಿತು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆಕೆಯನ್ನು ಸಮಾಧಾನ ಮಾಡಿ ಕಳಿಸು, ನಾಳೆಯದು ನಾಳೆ ಹೋಗಲೇಬೇಕು ಎಂದು ಜರಡಿಯ ಕಿವಿಯ ಹತ್ತಿರ ಬಂದು ಹೇಳಿ ಒಳಗೆ ಹೋದರು. ಅವರ ಉಸಿರಿನ ಬಿಸಿ ಜರಡಿಯ ಕೆನ್ನೆಯ ಮೇಲೆ ಕೂತುಬಿಟ್ಟಿತು. ಅವಳು ತೋಳಿನಿಂದ ಒರೆಸಿಕೊಂಡಳು.

ಹೊಲಿಗೆಯಾಕೆ ಮೇಜಿನ ಮೇಲೆ ಕೈಯೂರಿದಳು. "ನೋಡಮ್ಮಾ, ನನಗೆ ಸಂದರ್ಶನ ಬೇಡ, ತಪ್ಪೊಪ್ಪಿಗೆ ಬೇಡ. ನಾಳೆ ಅದು ಹೋಗ್ಬಾರ್ದು. ನನ್ನ ಅಂಗಡಿಗೆ ಬರೋ ಹೆಣ್ಮಕ್ಕಳಲ್ಲಿ ಅರ್ಧ ಜನ ನೀವು ಕಳ್ಸಿದ್ದನ್ನ ಓದ್ತಾರೆ. ನಾನು ಅವರ ಸೊಂಟಕ್ಕೆ ಟೇಪು ಸುತ್ತೋ ಹೊತ್ಗೆ ಅವರು ನನ್ನ ಹೆಣ ನೋಡ್ತಿರ್ತಾರೆ. ಇವತ್ತಲ್ಲ ನಾಳೆ ಗುರುತು ಹಿಡೀತಾರೆ. ಹಿಡೀದೇ ಇದ್ರೂ ನನಗೆ ಗೊತ್ತಿರುತ್ತಲ್ಲ."

ಜರಡಿ ಟೀ ಮಾಡಿಕೊಟ್ಟಳು. ತೊಳೆದ ಲೋಟದ ಅಂಚಿನಲ್ಲೂ ಯಾರದೋ ತುಟಿಯ ಗುರುತು ಉಳಿದಿದ್ದುದನ್ನು ಕಂಡು, ಮತ್ತೆ ತೊಳೆದು, ಕೊಟ್ಟಳು. ಹೊಲಿಗೆಯಾಕೆ ಕುಡಿಯಲಿಲ್ಲ. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು, ಇನ್ಯಾರಿಗೋ ಹೇಳುವಂತೆ ಹೇಳತೊಡಗಿದಳು.

ಮದುವೆಯಾಗಿ ಇಷ್ಟು ವರ್ಷವಾದರೂ ಆತ ಮುಖವೆತ್ತಿ ಮಾತಾಡಿದವನಲ್ಲ. ಉಪ್ಪು ಕಮ್ಮಿ, ಗುಂಡಿ ಕಿತ್ತಿದೆ, ಬಾಗಿಲು ಹಾಕು, ಇಷ್ಟೇ. ಅಂಥವನು ಮೂರು ತಿಂಗಳಿಂದ ಬದಲಾಗಿದ್ದ. ತಲೆ ಬಾಚುವಾಗ ಬಂದು ನಿಂತು ನೋಡುವನು. ಸ್ವಲ್ಪ ನಿಧಾನ ಬಾಚು ಎನ್ನುವನು. ನೀನು ಮಲಗಿದಾಗ ಯಾವ ಕಡೆ ತಿರುಗುತ್ತೀಯ ಎಂದು ಕೇಳುವನು. ಒಂದು ಸಂಜೆ ಬಿಸಿನೀರಿನ ಬೋಗುಣಿ ತಂದಿಟ್ಟು, ಅವಳ ಕಾಲು ತೊಳೆದು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳನ್ನೂ ಮುಟ್ಟಿ ನೋಡಿದ್ದ.

"ನಾನು ನಾಚ್ಕೊಂಡೆ," ಎಂದಳು. "ಈ ವಯಸ್ಸಲ್ಲಿ. ಮಾರನೇ ದಿನ ಹೋಗಿ ಪಟ್ಟಿ ಇರೋ ಚಪ್ಪಲಿ ತಗೊಂಡೆ, ಕಾಲು ಚೆನ್ನಾಗಿ ಕಾಣ್ಲಿ ಅಂತ." ಲೋಟವನ್ನು ಅಂಗೈಗಳ ನಡುವೆ ತಿರುಗಿಸಿದಳು. "ಅವರ ಮೇಲೆ ನನಗೆ ಕೋಪಾನೂ ಬರ್ತಿಲ್ಲ ಕಣಮ್ಮಾ. ನನ್ನ ಮೇಲೇ ಹೇಸಿಗೆ. ಒಂದು ಸಲ ಮುಟ್ಲಿ ಅಂತ ಕಾಯ್ಕೊಂಡಿದ್ನಲ್ಲ, ಅದು. ಎಷ್ಟು ಸಲ ತೊಳ್ದ್ರೂ ಕಾಲು ನಂದು ಅನ್ನಿಸ್ತಿಲ್ಲ."

ಮೂರು ತಿಂಗಳು. ಜರಡಿಗೆ ಲೆಕ್ಕ ಹಾಕಬೇಕಾಗಲಿಲ್ಲ. 'ಅವಳ ಪಾದಗಳು' ಎಂಬ ಬರಹ ಅವಳಿಗೆ ಬಾಯಿಪಾಠವೇ ಆಗಿತ್ತು. ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳ ಕಡೆಗೆ ವಾಲಿಕೊಂಡು, ಕಿವಿಯಲ್ಲಿ ಗುಟ್ಟು ಹೇಳುವಂತಿತ್ತು ಎಂಬ ಸಾಲನ್ನು ಅವಳು ದಪ್ಪಕ್ಷರದಲ್ಲಿ ಹಾಕಿದ್ದಳು. ಆ ವರ್ಷ ಎಲ್ಲಕ್ಕಿಂತ ಹೆಚ್ಚು ಜನ ಹಂಚಿಕೊಂಡದ್ದು ಅದನ್ನೇ. ನಿಮ್ಮ ಸಲಹೆಯಿಂದ ನನ್ನ ಕಣ್ಣು ತೆರೆಯಿತು ಎಂದು ಒಬ್ಬಂಟಿ ಉತ್ತರವನ್ನೂ ಕಳಿಸಿದ್ದ. ಆ ಉತ್ತರವನ್ನು ಅವಳು ಅಮ್ಮನಿಗೆ ತೋರಿಸಿ ಬೀಗಿದ್ದಳು.

"ನಾಳೆದ್ರಲ್ಲಿ ಹೇಗೆ ಸಾಯ್ತೀನಿ?" ಹೊಲಿಗೆಯಾಕೆ ಕೇಳಿದಳು. "ಓದಿ."

"ಬೇಡ ಅಕ್ಕಾ."

"ಸಾವಿರ ಜನ ಓದ್ಬಹುದು, ನಾನು ಕೇಳ್ಬಾರ್ದಾ?"

ಜರಡಿ ಓದಿದಳು. ಬೆಳಕು ಪರದೆಯ ಸಂದಿಯಿಂದ ಹಾಸಿಗೆಗೆ ಇಳಿಯಿತು ಎಂದಿತ್ತು. ಅವಳು ನೀರು ಕೇಳಿದಳು, ಚಮಚದಲ್ಲಿ ಹಾಕಿದೆ ಎಂದಿತ್ತು. ಆತ ರಾತ್ರಿಯೆಲ್ಲ ಎಚ್ಚರವಿದ್ದು ಹೊದಿಕೆಗಳನ್ನು ಒಗೆದು ಮಡಚಿದ್ದನಂತೆ. ಅಲ್ಲಿಗೆ ಬಂದಾಗ ಹೊಲಿಗೆಯಾಕೆಯ ಗಂಟಲಿನಲ್ಲಿ ನಗುವಿನಂಥದ್ದೇನೋ ಆಡಿತು. ಇದ್ದಾಗ ಒಂದು ಕರ್ಚೀಫು ಒಗೆಯದವರು, ಸಾಯೋ ಹೊತ್ತಿಗೆ ಹೊದಿಕೆ ಒಗೆದರಾ ಎಂದಳು. ಪಾದಗಳು ತಣ್ಣಗಾಗತೊಡಗಿದವು ಎಂಬಲ್ಲಿ ಜರಡಿ ಓದುವುದನ್ನು ನಿಲ್ಲಿಸಿದಳು.

ಒಳಕೋಣೆಯಲ್ಲಿ ಯಜಮಾನರು ಫೋನಿನಲ್ಲಿ ಯಾರೊಡನೆಯೋ ಗಹಗಹಿಸಿ ನಗುತ್ತಿದ್ದರು.

"ಆಮೇಲೆ?" ಎಂದಳು ಹೊಲಿಗೆಯಾಕೆ.

ಜರಡಿ ತಲೆಯೆತ್ತಿದಳು. ಆಕೆ ಮುಂದಕ್ಕೆ ಬಾಗಿ, ಬಾಯಿ ತುಸು ತೆರೆದು, ಕಾಯುತ್ತಿದ್ದಳು. ಉಳಿದ ಓದುಗರಂತೆಯೇ ಆಕೆಯೂ ಕಾದಿದ್ದಳೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಹೊಲಿಗೆಯಾಕೆ ಬೆದರಿದವಳಂತೆ ಹಿಂದೆ ಸರಿದು, ಲೋಟವನ್ನು ಕೆಳಗಿಟ್ಟಳು.

ಜರಡಿ ಮುಂದೆ ಓದಲಿಲ್ಲ. ನಾಳೆ ಹೋಗಬೇಕಾದ ಈಮೇಲಿನಿಂದ ಆ ಕಂತನ್ನು ತೆಗೆದಳು. ಖಾಲಿಯಾದ ಐದನೆಯ ಜಾಗಕ್ಕೆ ಕಂಡಕ್ಟರನ ಕೊಡೆಗಳನ್ನು ತಂದು ಕೂರಿಸಿದಳು. ಆಮೇಲೆ ತಮ್ಮ ವೆಬ್ ಪುಟದಲ್ಲಿ ಹಿಂದೆ ಹಾಕಿದ್ದನ್ನೆಲ್ಲ ಒಂದೊಂದಾಗಿ ಅಳಿಸುತ್ತಾ ಹೋದಳು. ಹಲ್ಲು ಹೋಯಿತು, ಮಣಿಕಟ್ಟು ಹೋಯಿತು, ಗುನುಗು ಹೋಯಿತು. ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಪ್ರತಿ ಸಲವೂ ಕೇಳಿತು, ಅವಳು ಪ್ರತಿ ಸಲವೂ ಹೌದು ಒತ್ತಿದಳು. ಸೋಮವಾರ ಈ ಕುರ್ಚಿ ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಅದರಿಂದ ತನ್ನ ಪಾಲಿನ ತಪ್ಪು ಕಮ್ಮಿಯಾದಂತೆ ಅನ್ನಿಸಲಿಲ್ಲ. ಒಬ್ಬಂಟಿಯ ಸ್ವಂತ ಬ್ಲಾಗನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ ಎಂದು ಹೇಳಿದಳು. ಅದನ್ನು ನಾನು ನೋಡಿಕೊಳ್ಳುತ್ತೇನೆ, ಒಂದೇ ಮನೆ ತಾನೇ ಎಂದಳು ಹೊಲಿಗೆಯಾಕೆ.

ಅಷ್ಟಕ್ಕೇ ಮುಗಿಸಬಹುದಿತ್ತು. ಆಕೆ ಎದ್ದು ನಿಂತು, ಕೊರಳ ಟೇಪು ಕೈಗೆ ಸಿಕ್ಕಿ, ಅಯ್ಯೋ ಇದನ್ನ ಹಾಕ್ಕೊಂಡೇ ಬಂದ್ನಾ ಎಂದು ಅದನ್ನು ಸುತ್ತತೊಡಗಿದ್ದಳು. ಒಳ್ಳೇದಾಗ್ಲಿ ನಿನಗೆ ಎಂದೂ ಹೇಳಿದ್ದಳು. ಆ ಮಾತನ್ನು ಜರಡಿಗೆ ನುಂಗಲಾಗಲಿಲ್ಲ.

"ಅಕ್ಕಾ," ಎಂದಳು. "ಪಾದದ ಬಗ್ಗೆ ಬರೀರಿ ಅಂತ ಅವರಿಗೆ ಹೇಳಿದ್ದು ನಾನು. ಹತ್ತಿರದಿಂದ ನೋಡಿ ಬರೀರಿ ಅಂತ. ಮೂರು ತಿಂಗಳ ಹಿಂದೆ."

ಟೇಪು ಸುತ್ತುತ್ತಿದ್ದ ಬೆರಳುಗಳು ನಿಂತವು. ಕೆಳಗೆ ಮೀನಿನಂಗಡಿಯವನು ನೆಲಕ್ಕೆ ಬಕೆಟ್ಟಿನಿಂದ ನೀರು ಹೊಯ್ದ ಸದ್ದು ಕೇಳಿಸಿತು. ಆಕೆ ಬೈಯಲಿ ಎಂದು ಜರಡಿ ಕಾದಳು. ಕಾಯುತ್ತಲೇ ಅವಳ ಕಣ್ಣು ಆಕೆಯ ಮುಖದಿಂದ ಜಾರಿ ಟೇಪಿಗೆ, ಟೇಪಿನಿಂದ ನೆಲಕ್ಕೆ ಇಳಿಯಿತು. ಅಲ್ಲಿ ಪಟ್ಟಿಯ ಹೊಸ ಚಪ್ಪಲಿಗಳಿದ್ದವು. ತಾನು ಏನನ್ನು ಹುಡುಕುತ್ತಿದ್ದೇನೆಂದು ತಿಳಿಯುವ ಮೊದಲೇ ಜರಡಿ ಬಲಗಾಲಿನ ಎರಡನೆಯ ಬೆರಳನ್ನು ಹುಡುಕಿ ಆಗಿತ್ತು. ವಾಲಿಕೊಂಡಿತ್ತು, ಬರೆದಿದ್ದಂತೆಯೇ.

ಆಕೆ ಜರಡಿಯ ಕಣ್ಣನ್ನೇ ನೋಡುತ್ತಿದ್ದಳು. ಎಡಗಾಲನ್ನೆತ್ತಿ ಬಲಗಾಲಿನ ಬೆರಳುಗಳ ಮೇಲೆ ಇಟ್ಟುಕೊಂಡು, ಗೋಡೆಗೆ ಕೈಯೂರಿ, ಜರಡಿ ಬೇರೆ ಕಡೆ ತಿರುಗುವವರೆಗೆ ಹಾಗೇ ಒಂಟಿ ಕಾಲಿನಲ್ಲಿ ನಿಂತಿದ್ದಳು.